ಮ್ಯಾಂಗನೀಸ್ ಹೊಗೆ ಮತ್ತು ನರಮಂಡಲ: ಕಾಳಿ ಕಣಿವೆಯಿಂದ ಒಂದು ಮರುನೋಟ

ನ್ಯಾನೊಕಣಗಳಿಂದ ನರಮಂಡಲಕ್ಕಾಗುವ ಹಾನಿಯ ಚರಿತ್ರೆಯನ್ನು ಈ ಶತಮಾನದ ಪ್ರಯೋಗಾಲಯಗಳಿಂದ ಶುರುಮಾಡುವುದು ವಾಡಿಕೆ. ಸನ್‌ಸ್ಕ್ರೀನಿನ ಟೈಟಾನಿಯಂ, ಬಟ್ಟೆಗೆ ಲೇಪಿಸುವ ಬೆಳ್ಳಿ, ಇತ್ತೀಚಿನ ನ್ಯಾನೊ ಗೊಬ್ಬರ, ಹೀಗೆ ಬೇಕೆಂದೇ ತಯಾರಿಸಿದ ಕಣಗಳ ಸುತ್ತಲೇ ಚರ್ಚೆ ಸುತ್ತುತ್ತದೆ. ನೂರು ನ್ಯಾನೊಮೀಟರಿಗಿಂತ ಚಿಕ್ಕ ಲೋಹಕಣಗಳನ್ನು ಮನುಷ್ಯರು ಅದಕ್ಕೂ ಬಹಳ ಮೊದಲೇ, ಕುಲುಮೆಯ ಹೊಗೆಯಲ್ಲಿ, ದಿನವಿಡೀ ಉಸಿರಾಡಿದ್ದಾರೆ. ಅದಕ್ಕೆ ಆಗ ಈ ಹೆಸರಿರಲಿಲ್ಲ, ಅಷ್ಟೆ. ಉತ್ತರ ಕನ್ನಡದ ಜೋಯಿಡಾ ಕಾಡಿನ ಮ್ಯಾಂಗನೀಸ್ ಗಣಿಗಳು, ದಾಂಡೇಲಿಯ ಫೆರೋಮ್ಯಾಂಗನೀಸ್ ಕುಲುಮೆ, ಹಳಿಯಾಳ ಮತ್ತು ಮುಂಡಗೋಡದ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳು ಮೇಲ್ನೋಟಕ್ಕೆ ಬೇರೆ ಬೇರೆ ಲೋಕಗಳು. ಇವನ್ನು ಒಂದೇ ಚರಿತ್ರೆಯೊಳಗಿಟ್ಟು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಮ್ಯಾಂಗನೀಸಿನಿಂದ ನರರೋಗ ಬರುತ್ತದೆಂದು ನಮ್ಮ ಕಾನೂನು ಬೇಗನೆ ಒಪ್ಪಿಕೊಂಡಿತು, ಆದರೆ ಅಳೆದದ್ದು ದೂಳಿನ ತೂಕವನ್ನೇ ಹೊರತು ಕಣದ ಗಾತ್ರವನ್ನಲ್ಲ. ರಕ್ಷಣೆ ಸೋತಿರುವುದು ಅಲ್ಲಿಯೇ.

ರೋಗದ ಮೊದಲ ವೈದ್ಯಕೀಯ ವಿವರಣೆ 1837ರದು. ಗ್ಲಾಸ್ಗೋದ ಬ್ಲೀಚಿಂಗ್ ಪುಡಿ ಕಾರ್ಖಾನೆಯಲ್ಲಿ ಮ್ಯಾಂಗನೀಸಿನ ಕಪ್ಪು ಆಕ್ಸೈಡನ್ನು ಅರೆಯುತ್ತಿದ್ದ ಕೆಲಸಗಾರರನ್ನು ಪರೀಕ್ಷಿಸಿದ ಜಾನ್ ಕೂಪರ್, ಅವರ ಕಾಲು ಸೋಲುವುದನ್ನೂ ನಡೆಯುವಾಗ ಮೈ ಮುಂದಕ್ಕೆ ಬಾಗುವುದನ್ನೂ ದನಿ ಪಿಸುಮಾತಿಗೆ ಇಳಿಯುವುದನ್ನೂ ಬರೆದಿಟ್ಟ. 1955ರಲ್ಲಿ ರೋಡಿಯೆ ಮೊರಾಕ್ಕೋದ ಗಣಿಗಳಿಂದ ಇದೇ ಚಿತ್ರವನ್ನು ಇನ್ನಷ್ಟು ವಿಸ್ತಾರವಾಗಿ ಕೊಟ್ಟ. ಚಿಲಿಯ ಗಣಿಗಾರರಲ್ಲಿ ಕಾರಣವಿಲ್ಲದ ನಗು, ಅಳು, ಸಿಟ್ಟು ಮೊದಲು ಕಾಣಿಸಿಕೊಂಡು, ಮೈ ಬಿಗಿಯುವುದು ಆಮೇಲೆ ಬರುತ್ತಿದ್ದುದರಿಂದ ಅಲ್ಲಿ ಅದನ್ನು ಮ್ಯಾಂಗನೀಸ್ ಹುಚ್ಚು ಎಂದೇ ಕರೆದರು. ಪಾರ್ಕಿನ್ಸನ್ ಕಾಯಿಲೆಯನ್ನು ಹೋಲಿದರೂ ಇದು ಅದಲ್ಲ. ಇಲ್ಲಿ ಪೆಟ್ಟು ಬೀಳುವುದು ಮುಖ್ಯವಾಗಿ ಮಿದುಳಿನಾಳದ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗಕ್ಕೆ. ರೋಗಿಗೆ ಹಿಮ್ಮುಖವಾಗಿ ನಡೆಯಲು ಆಗುವುದಿಲ್ಲ, ಅಕ್ಷರ ಸಣ್ಣದಾಗುತ್ತ ಹೋಗುತ್ತದೆ, ಲೆವೊಡೋಪಾ ಮಾತ್ರೆಯಿಂದ ನೆಟ್ಟಗಿನ ಗುಣ ಸಿಗುವುದಿಲ್ಲ. ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 1952ರ ಗಣಿ ಕಾಯ್ದೆಯಡಿ ಅದೇ ವರ್ಷ ಹೊರಟ ಅಧಿಸೂಚನೆ, ಸಿಲಿಕೋಸಿಸ್ ಜೊತೆಗೆ ನರಸಂಬಂಧಿ ಮ್ಯಾಂಗನೀಸ್ ವಿಷಬಾಧೆಯನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ಆ ದಶಕದಲ್ಲೇ ಕಾಳಿ ಕಣಿವೆ ಕೈಗಾರಿಕೆಗೆ ತೆರೆದುಕೊಂಡಿತು. ಆಗ ಸೂಪಾ ಎನಿಸಿದ್ದ, ಆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾ ಆದ ತಾಲೂಕಿನಲ್ಲಿ ಧಾರವಾಡ ಶಿಲೆಗಳ ಮೇಲಿನ ಜಂಬಿಟ್ಟಿಗೆ ಪದರದಲ್ಲಿ ಮ್ಯಾಂಗನೀಸ್ ಅದಿರು ಸಿಗುತ್ತಿತ್ತು. ಭಾರತದ ಇಂಥ ನಿಕ್ಷೇಪಗಳನ್ನು ಫರ್ಮರ್ 1909ರಲ್ಲೇ ಭೂವೈಜ್ಞಾನಿಕ ಸರ್ವೇಕ್ಷಣೆಯ ಬೃಹತ್ ಗ್ರಂಥದಲ್ಲಿ ವರ್ಗೀಕರಿಸಿದ್ದ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಎಲ್ಲರಿಗೂ ಗೊತ್ತು. ಅದೇ ದಶಕದ ಫೆರೋಮ್ಯಾಂಗನೀಸ್ ಕಾರ್ಖಾನೆ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಗಣಿಯನ್ನೂ ಕುಲುಮೆಯನ್ನೂ ಇಲ್ಲಿ ಬೇರೆಬೇರೆಯಾಗಿ ನೋಡಬೇಕು. ಅದಿರು ಒಡೆದಾಗ ಏಳುವ ದೂಳು ದಪ್ಪ. ಅದರ ಬಹುಪಾಲು ಮೂಗಿನಲ್ಲೂ ಗಂಟಲಲ್ಲೂ ತಡೆದು ಕಫವಾಗಿ ಹೊರಬೀಳುತ್ತದೆ. ವಿದ್ಯುತ್ ಕುಲುಮೆಯ ಬಾಯಿ ತೆರೆದು ಕರಗಿದ ಲೋಹವನ್ನು ಹರಿಯಬಿಟ್ಟಾಗ ಏಳುವ ಕಂದು ಹೊಗೆ ಬೇರೆಯೇ. ಮ್ಯಾಂಗನೀಸ್ ಆವಿಯಾಗಿ, ಗಾಳಿ ತಾಕಿದೊಡನೆ ಆಕ್ಸೈಡಾಗಿ, ಕೆಲವೇ ಹತ್ತು ನ್ಯಾನೊಮೀಟರಿನ ಕಣಗಳಾಗಿ ಗಟ್ಟಿಗೊಳ್ಳುತ್ತದೆ. ಮೂರು ಸಾವಿರ ನ್ಯಾನೊಮೀಟರ್ ವ್ಯಾಸದ ಒಂದು ದೂಳುಕಣದ ತೂಕದಲ್ಲಿ ಮೂವತ್ತು ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಿರುತ್ತವೆ. ಜೀವಕೋಶಕ್ಕೆ ತಾಗುವ ಒಟ್ಟು ಮೈ ನೂರು ಪಟ್ಟು ಹೆಚ್ಚುತ್ತದೆ. ತಕ್ಕಡಿಗೆ ಎರಡೂ ಒಂದೇ.

ಇಷ್ಟು ಚಿಕ್ಕ ಕಣ ಮಿದುಳಿಗೆ ಹೋಗುವ ದಾರಿಯನ್ನು ಮೊದಲು ತೋರಿಸಿದವರು ವಿಷವಿಜ್ಞಾನಿಗಳಲ್ಲ, ಪೋಲಿಯೋ ವೈರಸ್ಸಿನ ಹಿಂದೆ ಬಿದ್ದವರು. 1941ರಲ್ಲಿ ಬೋಡಿಯನ್ ಮತ್ತು ಹೋವ್, ಆ ವೈರಸ್ಸು ಮೂಗಿನ ವಾಸನೆಯ ನರಗಳ ಮೂಲಕವೇ ಮಿದುಳಿಗೆ ಸಾಗುವುದನ್ನು ವಾನರಗಳಲ್ಲಿ ಕಂಡರು. 1970ರಲ್ಲಿ ಡಿ ಲೊರೆಂಜೊ ಅದೇ ದಾರಿಯಲ್ಲಿ ಐವತ್ತು ನ್ಯಾನೊಮೀಟರಿನ ಚಿನ್ನದ ಕಣಗಳು ಸಾಗುವುದನ್ನು ತೋರಿಸಿದ. ನಮ್ಮ ವಿಷಯಕ್ಕೆ ನೇರವಾಗಿ ಬರುವುದು 2006ರಲ್ಲಿ ಆಲಿಸನ್ ಎಲ್ಡರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ಇಲಿಗಳು ಸುಮಾರು ಮೂವತ್ತು ನ್ಯಾನೊಮೀಟರಿನ ಮ್ಯಾಂಗನೀಸ್ ಆಕ್ಸೈಡ್ ಕಣಗಳನ್ನು ಉಸಿರಾಡಿದವು. ಹನ್ನೆರಡು ದಿನಗಳಲ್ಲಿ ವಾಸನೆ ಗ್ರಹಿಸುವ ಮಿದುಳಿನ ತುದಿಯಲ್ಲಿ ಮ್ಯಾಂಗನೀಸ್ ಮೂರೂವರೆ ಪಟ್ಟಾಯಿತು, ಉರಿಯೂತದ ಗುರುತುಗಳೂ ಏರಿದವು. ಇನ್ನು ಕೆಲವು ಇಲಿಗಳ ಬಲ ಹೊಳ್ಳೆಯನ್ನು ಮುಚ್ಚಿದಾಗ ಮ್ಯಾಂಗನೀಸ್ ಸೇರಿದ್ದು ಎಡಭಾಗದಲ್ಲಿ ಮಾತ್ರ. ರಕ್ತದ ಮೂಲಕ ಬಂದಿದ್ದರೆ ಎರಡೂ ಕಡೆ ಸೇರಬೇಕಿತ್ತು. ಊಟದಲ್ಲಿ ಬಂದ ಮ್ಯಾಂಗನೀಸಿನಲ್ಲಿ ಕರುಳು ಹೀರುವುದೇ ಅಲ್ಪ, ಹೆಚ್ಚಾದದ್ದನ್ನು ಪಿತ್ತಜನಕಾಂಗ ಪಿತ್ತರಸದೊಡನೆ ಹೊರಹಾಕುತ್ತದೆ. ಮೂಗಿನ ದಾರಿಯಲ್ಲಿ ಆ ಕಾವಲು ಇಲ್ಲ.

ಇಲಿಯ ಮೂಗಿನಲ್ಲಿ ಅರ್ಧದಷ್ಟು ಜಾಗ ವಾಸನೆಯ ಪೊರೆ, ಮನುಷ್ಯನಲ್ಲಿ ಶೇಕಡ ಐದರ ಆಸುಪಾಸು. ಆದ್ದರಿಂದ ಇಲಿಯ ಲೆಕ್ಕ ನಮಗೆ ಹೊಂದುವುದಿಲ್ಲ ಎಂಬುದು ಬಲವಾದ ಆಕ್ಷೇಪ. ಪ್ರಮಾಣದ ಮಟ್ಟಿಗೆ ಅದು ಸರಿ. ಆದರೆ ಮನುಷ್ಯನಿಗೆ ಶ್ವಾಸಕೋಶದ ಆಳದಿಂದ ರಕ್ತಕ್ಕೆ ಸೇರುವ ದಾರಿಯೂ ಇದೆ, ಮೈಮುರಿದು ದುಡಿಯುವವನ ಉಸಿರೂ ಹೆಚ್ಚು. ಬಾರ್ಬರಾ ಮೇಹರ್ ತಂಡ 2016ರಲ್ಲಿ ಮೆಕ್ಸಿಕೋ ನಗರ ಮತ್ತು ಮ್ಯಾಂಚೆಸ್ಟರಿನ ಮೂವತ್ತೇಳು ಮಂದಿಯ ಮಿದುಳಿನ ಮಾದರಿಗಳಲ್ಲಿ ಮ್ಯಾಗ್ನಟೈಟ್ ನ್ಯಾನೊಕಣಗಳನ್ನು ಕಂಡಿತು. ಹಲವು ಕಣಗಳು ಕುಲುಮೆಯ ಬಿಸಿಯಲ್ಲಿ ಹುಟ್ಟಿದವುಗಳಂತೆ ಉರುಟಾಗಿದ್ದವು. ಅವುಗಳಿಂದಲೇ ಮರೆಗುಳಿತನ ಬಂತೆಂದು ಇದು ರುಜುವಾತು ಮಾಡುವುದಿಲ್ಲ. ಕಣ ಒಳಹೊಗುತ್ತದೆ ಎಂಬುದನ್ನಷ್ಟೇ ರುಜುವಾತು ಮಾಡುತ್ತದೆ. ಎರಡನೆಯ ಆಕ್ಷೇಪ ನಮ್ಮೂರಿನದು: ಇಷ್ಟೆಲ್ಲ ನಿಜವಾದರೆ ರೋಗಿಗಳೆಲ್ಲಿ? ಈ ಕಣಿವೆಯ ಗಣಿ, ಕುಲುಮೆಗಳ ಮೇಲೆ ಇಲ್ಲಿ ಆರೋಪವೇನೂ ಇಲ್ಲ. ಆದರೆ ರೋಗ ಕಾಣಿಸಬೇಕಾದರೆ ನೋಡುವ ಕಣ್ಣು ಬೇಕು. ಮ್ಯಾಂಗನೀಸ್ ವಿಷಬಾಧೆ ಕೆಲಸ ಬಿಟ್ಟು ವರ್ಷಗಳಾದ ಮೇಲೂ ಉಲ್ಬಣಿಸಬಹುದು. ಗುತ್ತಿಗೆಯ ಕೂಲಿಯವನು ಅಷ್ಟರಲ್ಲಿ ಊರು ಸೇರಿರುತ್ತಾನೆ. ನಡಿಗೆ ಕೆಟ್ಟರೆ ಮುಪ್ಪೆಂದೋ ಕುಡಿತವೆಂದೋ, ಸಿಟ್ಟು ಹೆಚ್ಚಿದರೆ ಗಾಳಿ ಸೋಕಿತೆಂದೋ ಮನೆಯವರು ಸುಮ್ಮನಾಗುತ್ತಾರೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಸ್ವಾರಸ್ಯದ್ದು, ಅದು ಬಂದಿರುವುದೂ ಕರ್ನಾಟಕದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್, ಪ್ಯಾಟ್ರಿಕ್ ಡಿಸಿಲ್ವ ಮತ್ತು ಸಹೋದ್ಯೋಗಿಗಳು 2017ರಲ್ಲಿ, ಹೂವಿನಾಕಾರದ ಮ್ಯಾಂಗನೀಸ್ ಆಕ್ಸೈಡ್ ನ್ಯಾನೊಕಣಗಳು ಪಾರ್ಕಿನ್ಸನ್ ಮಾದರಿಯ ಮಾನವ ಜೀವಕೋಶಗಳನ್ನು ಕಾಪಾಡುತ್ತವೆಂದು ತೋರಿಸಿದರು. ನಮ್ಮ ದೇಹದ ಮೂರು ಉತ್ಕರ್ಷಣನಿರೋಧಕ ಕಿಣ್ವಗಳ ಕೆಲಸವನ್ನು ಆ ಕಣವೊಂದೇ ಮಾಡುತ್ತದೆ. ಹಾಗಾದರೆ ಮ್ಯಾಂಗನೀಸ್ ವಿಷವೋ ಮದ್ದೋ? ಲೋಹದ ಹೆಸರಿನಿಂದ ತೀರ್ಮಾನಿಸಲಾಗದು ಎನ್ನುವುದೇ ಉತ್ತರ. ಕಣದ ಆಕಾರ, ಗಾತ್ರ, ಹೋಗುವ ದಾರಿ, ತಂಗುವ ಅವಧಿ ಇವೇ ನಿರ್ಣಾಯಕ. ಗಾಜಿನ ತಟ್ಟೆಯ ಕೋಶಕ್ಕೆ ಅಳೆದು ಕೊಟ್ಟ ಕಣಕ್ಕೂ ಇಪ್ಪತ್ತು ವರ್ಷ ಮೂಗಿಗೆ ಬಡಿದ ಹೊಗೆಗೂ ಸಂಬಂಧ ಕಟ್ಟುವುದು ದುಡುಕು. ಈ ಸಂಶೋಧನೆ ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಗಟ್ಟಿಮಾಡುತ್ತದೆ.

ರಕ್ಷಣೆಯ ನಿಯಮಗಳು ಈ ತಿಳಿವಳಿಕೆಗೆ ಹೊಂದಿಕೊಂಡಿಲ್ಲ. 1987ರ ತಿದ್ದುಪಡಿಯಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ ಎರಡನೆಯ ಅನುಸೂಚಿ ಮ್ಯಾಂಗನೀಸ್ ಹೊಗೆಗೆ ಘನಮೀಟರಿಗೆ ಒಂದು ಮಿಲಿಗ್ರಾಂ ಮಿತಿ ಇಟ್ಟಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಮಂಡಳಿ 2013ರಲ್ಲಿ ಶ್ವಾಸಕೋಶದ ಆಳ ಮುಟ್ಟುವ ಕಣಗಳಿಗೆ ಶಿಫಾರಸು ಮಾಡಿದ್ದು 0.02 ಮಿಲಿಗ್ರಾಂ. ಜೋಯಿಡಾದ ಹಳೆಯ ಗಣಿ ಪ್ರದೇಶದ ಸುತ್ತ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಆದರೆ ಕುಲುಮೆಯದೇ ಜಾತಿಯ ಹೊಗೆ ಟ್ರಾಲಿ, ಗೇಟು, ಕಿಟಕಿ ಕಟ್ಟುವ ವೆಲ್ಡಿಂಗ್ ಅಂಗಡಿಗಳಲ್ಲಿ ಹರಡಿಹೋಗಿದೆ. ಅಲ್ಲಿನ ಹುಡುಗ ಕಣ್ಣಿಗೆ ಕಪ್ಪು ಗಾಜು ಹಿಡಿಯುತ್ತಾನೆ, ಮೂಗಿಗೆ ಟವೆಲ್ ಸುತ್ತಿಕೊಳ್ಳುತ್ತಾನೆ. ಟವೆಲ್ಲಿನ ನೇಯ್ಗೆ ಈ ಕಣಗಳನ್ನು ತಡೆಯಲಾರದು. ಹೊಗೆಯನ್ನು ಹುಟ್ಟಿದಲ್ಲೇ ಎಳೆದು ಹೊರಹಾಕುವ ಫ್ಯಾನು, ಬಯಲಿಗೆ ತೆರೆದ ಜಾಗ, ಮುಖಕ್ಕೆ ಸರಿಯಾಗಿ ಕೂರುವ ಎನ್95 ದರ್ಜೆಯ ಮಾಸ್ಕು, ಇವು ದುಬಾರಿ ಅಲ್ಲ. ರಕ್ತಹೀನತೆಯನ್ನೂ ನೋಡಬೇಕು: ಕಬ್ಬಿಣಾಂಶ ಕಡಿಮೆಯಾದ ದೇಹ, ಕಬ್ಬಿಣವನ್ನು ಒಯ್ಯುವ ಅದೇ ಸಾಗಣೆ ಪ್ರೋಟೀನಿನ ಮೂಲಕ ಮ್ಯಾಂಗನೀಸನ್ನು ಹೆಚ್ಚು ಹೀರುತ್ತದೆ. ಲೋಹವನ್ನು ಹೊರಗೆಳೆಯುವ ಔಷಧಗಳು ಇದ್ದರೂ ನಾಶವಾದ ನರಕೋಶವನ್ನು ಅವು ಮರಳಿಸುವುದಿಲ್ಲ. ಆದ್ದರಿಂದ ಕಾರವಾರದ ವೈದ್ಯಕೀಯ ಕಾಲೇಜು ಮತ್ತು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಜೊತೆಗೂಡಿ ಈ ನಾಲ್ಕು ತಾಲೂಕುಗಳ ವೆಲ್ಡರುಗಳನ್ನೂ ಹಳೆಯ ಗಣಿ, ಕುಲುಮೆ ಕಾರ್ಮಿಕರನ್ನೂ ಒಮ್ಮೆ ಪರೀಕ್ಷಿಸಲಿ. ಹತ್ತು ಹೆಜ್ಜೆ ಹಿಮ್ಮುಖ ನಡಿಗೆ, ಒಂದು ಸಾಲು ಬರವಣಿಗೆ, ಹಿಮೋಗ್ಲೋಬಿನ್: ಶುರುಮಾಡಲು ಇಷ್ಟು ಸಾಕು, ತಾಲೂಕು ಆಸ್ಪತ್ರೆಯಲ್ಲೇ ಮಾಡಬಹುದು.