ಮಲೆನಾಡಿನ ಮಕ್ಕಳೂ ಇಂಗ್ಲಿಷು ಪರೀಕ್ಷೆಯೂ

ಫಾಲ್ಗುಣ ಮಾಸವು ಬಂದಿತೆಂದರೆ ಮೂಡಿಗೆರೆಯ ಸುತ್ತಣ ಕಾಫಿ ತೋಟಗಳಲ್ಲಿ ಎಲ್ಲರ ದೃಷ್ಟಿಯೂ ಆಕಾಶದ ಕಡೆಗೆ ತಿರುಗುತ್ತದೆ. ಆ ದಿನಗಳಲ್ಲಿ ಬೀಳತಕ್ಕ ಹೂಮಳೆಯನ್ನು ನೆಚ್ಚಿಯೇ ಮುಂದಿನ ವರ್ಷದ ಫಸಲು ನಿಲ್ಲಬೇಕು. ಅದೇ ದಿನಗಳಲ್ಲಿ ತೋಟಗಳ ನಡುವಣ ಮನೆಗಳಲ್ಲಿ ಇನ್ನೊಂದು ನಿರೀಕ್ಷೆಯೂ ಕೂಡಿರುತ್ತದೆ. ಹತ್ತನೆಯ ತರಗತಿಯ ಮಗನೋ ಮಗಳೋ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳುವ ಕಾಲವೂ ಅದೇ. ಆ ಪರೀಕ್ಷೆಯ ವಿಷಯಗಳಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಹೆಚ್ಚಾಗಿ ನಿದ್ರೆಗೆಡಿಸುವುದು ಇಂಗ್ಲಿಷು. ಈ ಭಯವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಅದಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕ ಚರಿತ್ರೆಯುಂಟು. ಆ ಚರಿತ್ರೆಯನ್ನು ಅರಿತಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ ಎಡವುವುದು ಬುದ್ಧಿಯ ಕೊರತೆಯಿಂದಲ್ಲ, ಆ ಭಾಷೆಯು ಅವರ ಬಳಿಗೆ ಬಂದ ದಾರಿಯ ಕೊರತೆಯಿಂದ ಎಂಬುದು ಸ್ಪಷ್ಟವಾಗುತ್ತದೆ.

ಮೈಸೂರು ಸೀಮೆಯಲ್ಲಿ ಇಂಗ್ಲಿಷು ವಿದ್ಯೆಗೆ ಅಡಿಗಲ್ಲು ಬಿದ್ದುದು ೧೮೩೩ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರವರು ಆ ವರ್ಷ ಮೈಸೂರು ನಗರದಲ್ಲಿ ಒಂದು ಉಚಿತ ಇಂಗ್ಲಿಷು ಶಾಲೆಯನ್ನು ಸ್ಥಾಪಿಸಿದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದುದು ಅದೇ ಸಂಸ್ಥೆ. ೧೮೩೫ರಲ್ಲಿ ಮೆಕಾಲೆಯ ಟಿಪ್ಪಣಿ, ೧೮೫೪ರಲ್ಲಿ ವುಡ್ ಎಂಬ ಮಂತ್ರಿಯ ವಿದ್ಯಾಶಾಸನ, ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳ ಸ್ಥಾಪನೆ, ಇವು ಒಂದರ ಹಿಂದೊಂದಾಗಿ ನಡೆದವು. ಮೈಸೂರಿಗೆ ಸ್ವಂತ ವಿಶ್ವವಿದ್ಯಾಲಯವು ೧೯೧೬ರವರೆಗೆ ಇರಲಿಲ್ಲವಾದುದರಿಂದ, ಇಲ್ಲಿಯ ಹುಡುಗರು ಮದರಾಸಿನ ಮೆಟ್ರಿಕ್ಯುಲೇಷನ್ ಪರೀಕ್ಷೆಗೇ ಕುಳಿತುಕೊಳ್ಳಬೇಕಾಗಿದ್ದಿತು.

ಹಳ್ಳಿಗಳ ಪಾಡು ಬೇರೆ. ೧೮೬೮ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಕನ್ನಡ ಶಾಲೆಯನ್ನು ತೆರೆಯುವ ಏರ್ಪಾಡಾಯಿತು. ಬೆಂಗಳೂರಿನಲ್ಲಿಯೇ ಜನಿಸಿ ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಈ ಮಹನೀಯರು ಮುಂದೆ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದುದು ವಾಚಕರಿಗೆ ತಿಳಿದ ವಿಷಯವೇ. ಹೊಯ್ಸಳರ ಮೂಲಸ್ಥಾನವಾದ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದ ಶಾಸನಗಳು ೧೯೦೧ರಲ್ಲಿ ಪ್ರಕಟವಾದ ಅವರ ಕಡೂರು ಜಿಲ್ಲೆಯ ಸಂಪುಟದಲ್ಲಿ ಸೇರಿವೆ. ಪರಭಾಷೆಯನ್ನು ಸ್ವಂತ ಮಾಡಿಕೊಂಡವನಿಗೆ ಎಂತಹ ಬಾಗಿಲು ತೆರೆಯುತ್ತದೆಂಬುದಕ್ಕೆ ಆ ಆಂಗ್ಲೇಯರೇ ನಿದರ್ಶನ. ಆದರೆ ಹೋಬಳಿ ಶಾಲೆಯಲ್ಲಿ ಕನ್ನಡ, ಪಟ್ಟಣದ ಶಾಲೆಯಲ್ಲಿ ಇಂಗ್ಲಿಷು ಎಂಬ ಎರಡು ದಾರಿಗಳು ಅಂದಿನಿಂದಲೇ ಬೇರ್ಪಟ್ಟವು. ಹಳ್ಳಿಯ ದಾರಿಯು ಶಾನುಭೋಗಿಕೆಗೋ ಉಪಾಧ್ಯಾಯ ವೃತ್ತಿಗೋ ಮುಟ್ಟಿ ನಿಲ್ಲುವುದು. ಪಟ್ಟಣದ ದಾರಿಯು ಕಛೇರಿಗೂ ಕಾಲೇಜಿಗೂ ಸಾಗುವುದು. ಒಂದರಿಂದ ಇನ್ನೊಂದಕ್ಕೆ ದಾಟಲು ಇದ್ದ ಸೇತುವೆ ಇಂಗ್ಲಿಷು ಒಂದೇ. ಮಲೆನಾಡಿನ ಹುಡುಗನು ಆ ಸೇತುವೆಯನ್ನು ಹುಡುಕಿಕೊಂಡು ಗಂಟುಮೂಟೆ ಕಟ್ಟಿ ಊರು ಬಿಡಬೇಕಾಗಿದ್ದಿತು.

ಇತ್ತ ಬೆಟ್ಟಗಳಲ್ಲಿ ಇಂಗ್ಲಿಷು ಬೇರೊಂದು ವೇಷದಲ್ಲಿ ಬಂದು ನೆಲಸಿದ್ದಿತು. ೧೮೪೦ರ ದಶಕದಿಂದ ಮೊದಲಾಗಿ ಚಿಕ್ಕಮಗಳೂರಿನ ಮತ್ತು ಮಂಜರಾಬಾದಿನ ಕಡೆಗಳಲ್ಲಿ ಐರೋಪ್ಯರು ಕಾಫಿ ತೋಟಗಳನ್ನು ಎಬ್ಬಿಸಿದರು. ತೋಟವು ಎಸ್ಟೇಟ್ ಆಯಿತು. ಲೆಕ್ಕ ಬರೆಯುವವನು ರೈಟರ್ ಆದನು. ಆಳುಗಳ ಹಾಜರಿಯ ಪುಸ್ತಕವು ಚೆಕ್‌ರೋಲ್ ಆಯಿತು. ಅವರು ವಾಸಿಸುವ ಸಾಲುಮನೆಗಳು ಲೈನ್ ಎನಿಸಿಕೊಂಡವು. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಪಲ್ಪರ್ ಎಂದೂ, ತೊಳೆದು ಒಣಗಿಸಿದ ಬೀಜಕ್ಕೆ ಪಾರ್ಚ್‌ಮೆಂಟ್ ಎಂದೂ ಅಕ್ಷರವನ್ನೇ ಅರಿಯದ ಮುದುಕಿಯೂ ಹೇಳಬಲ್ಲವಳಾದಳು. ದೊರೆಗಳಿಗಾದರೂ ಆಳುಗಳೊಡನೆ ವ್ಯವಹರಿಸಲು ಕನ್ನಡದ ನಾಲ್ಕು ಮಾತುಗಳು ಬೇಕಾಗಿದ್ದವು. ಹೀಗೆ ಕೊಡುವುದೂ ಕೊಳ್ಳುವುದೂ ನಡೆದು, ಬೆಟ್ಟದ ಜನರ ಬಾಯಲ್ಲಿ ನೂರಾರು ಇಂಗ್ಲಿಷು ಶಬ್ದಗಳು ಮನೆಯ ಮಾತುಗಳಾಗಿ ಹೋದವು. ಪರೀಕ್ಷೆಯ ಇಂಗ್ಲಿಷು ಮಾತ್ರ ಈ ಇಂಗ್ಲಿಷಿನ ಗುರುತನ್ನು ಎಂದೂ ಹಿಡಿಯಲಿಲ್ಲ. ತೋಟದ ಮಾತನ್ನು ಹೊರಗೆ ಬಿಟ್ಟು, ಎಂದೂ ಕಾಣದ ದೇಶದ ಹಿಮವನ್ನೂ ಹೂವುಗಳನ್ನೂ ಕುರಿತು ಬಾಯಿಪಾಠ ಮಾಡುವುದೇ ವಿದ್ಯೆಯೆಂದಾಯಿತು.

ಮೆಟ್ರಿಕ್ಯುಲೇಷನ್ ಪರೀಕ್ಷೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಅದರಲ್ಲಿ ಇಂಗ್ಲಿಷು ಕಡ್ಡಾಯ ವಿಷಯ. ಅದರಲ್ಲಿ ತಪ್ಪಿದವನು ಮಿಕ್ಕವುಗಳಲ್ಲಿ ಎಷ್ಟೇ ನಿಪುಣನಾದರೂ ಒಟ್ಟಿನಲ್ಲಿ ತಪ್ಪಿದವನೇ. ಅದೂ ಅಲ್ಲದೆ ಚರಿತ್ರೆ, ಭೂಗೋಳ, ಗಣಿತಗಳಿಗೂ ಇಂಗ್ಲಿಷಿನಲ್ಲಿಯೇ ಉತ್ತರ ಬರೆಯಬೇಕಾಗಿದ್ದಿತು. ಹೆಸರಿಗೆ ಹಲವು ವಿಷಯಗಳಾದರೂ, ನಿಜಕ್ಕೂ ಒಂದೇ ಭಾಷೆಯ ಪರೀಕ್ಷೆಯನ್ನು ಹಲವು ಸಲ ಕೊಟ್ಟಂತೆ ಆಗುತ್ತಿದ್ದಿತು. ಈ ಕ್ರಮದ ಕಠೋರತೆಗೆ ಕಾಲೇಜಿನ ಮೆಟ್ಟಿಲಿನಿಂದಲೂ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗಣಿತದಲ್ಲಿ ಲೋಕವೇ ಬೆರಗಾಗುವಂತಹ ಪ್ರತಿಭೆಯಿದ್ದ ಶ್ರೀನಿವಾಸ ರಾಮಾನುಜನ್ ಅವರು ೧೯೦೫ರಲ್ಲಿ ಕುಂಭಕೋಣದ ಕಾಲೇಜಿನಲ್ಲಿ ಇಂಗ್ಲಿಷು ಪ್ರಬಂಧ ರಚನೆಯಲ್ಲಿ ಸೋತು ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಅಂತಹವರಿಗೇ ಈ ಗತಿಯಾದರೆ, ಹೆಸರಿಲ್ಲದೆ ಹಿಂದಿರುಗಿ ಮನೆಯ ಜಮೀನಿಗೋ ತೋಟದ ಕೂಲಿಗೋ ಸೇರಿದ ಹುಡುಗರೆಷ್ಟೋ! ಅವರ ಲೆಕ್ಕವನ್ನು ಯಾವ ಚೆಕ್‌ರೋಲೂ ಬರೆದಿಡಲಿಲ್ಲ.

೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರಿನಲ್ಲಿ ಎಸ್.ಎಸ್.ಎಲ್.ಸಿ. ಕ್ರಮವು ಬಳಕೆಗೆ ಬಂದಿತು. ಹೆಸರು ಬದಲಾಯಿತು, ಸಿದ್ಧತೆಯ ಕ್ರಮ ಬದಲಾಗಲಿಲ್ಲ. ನೆಸ್‌ಫೀಲ್ಡನ ವ್ಯಾಕರಣವನ್ನು ಉರುಹಚ್ಚುವುದು, ಸಿದ್ಧವಾದ ಪ್ರಬಂಧಗಳನ್ನು ಕಂಠಸ್ಥ ಮಾಡುವುದು, ಪದ್ಯದ ಸಾರಾಂಶವನ್ನು ಬೇರೆಯವರ ಮಾತಿನಲ್ಲಿಯೇ ಒಪ್ಪಿಸುವುದು, ಇದೇ ಪರಿಪಾಠವಾಯಿತು.

ಬಾಯಿಪಾಠವನ್ನೇ ದೂಷಿಸುವುದು ಇಲ್ಲಿಯ ಉದ್ದೇಶವಲ್ಲ. ಸಂಸ್ಕೃತ ಪಾಠಶಾಲೆಗಳಲ್ಲಿ ಅಮರಕೋಶವನ್ನೂ ಶಬ್ದರೂಪಗಳನ್ನೂ ಹುಡುಗರು ಬಾಯಿಪಾಠ ಮಾಡುತ್ತಿದ್ದರು. ಆದರೆ ಅಲ್ಲಿ ಪಾಠವು ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ರಘುವಂಶದ ಶ್ಲೋಕವೊಂದನ್ನು ತೆಗೆದುಕೊಂಡರೆ ಮೊದಲು ಪದಚ್ಛೇದ, ಬಳಿಕ ಕ್ರಿಯಾಪದವನ್ನು ಹಿಡಿದು, ಯಾರು, ಏನನ್ನು, ಎಲ್ಲಿ, ಹೇಗೆ ಎಂದು ಕೇಳುತ್ತ ಅನ್ವಯ, ಆಮೇಲೆ ಕನ್ನಡದಲ್ಲಿ ಅರ್ಥ, ಕಟ್ಟಕಡೆಗೆ ತಾತ್ಪರ್ಯ. ಹುಡುಗನು ತನ್ನ ಮನೆಮಾತಿನಲ್ಲಿ ಅರ್ಥವನ್ನು ಹೇಳಿದ ಹೊರತು ಗುರುಗಳು ಮುಂದಿನ ಶ್ಲೋಕಕ್ಕೆ ಹೋಗುತ್ತಿರಲಿಲ್ಲ. ಇಂಗ್ಲಿಷಿನ ತರಗತಿಯು ಪಾಠಶಾಲೆಯಿಂದ ಬಾಯಿಪಾಠವನ್ನು ಮಾತ್ರ ತೆಗೆದುಕೊಂಡು ಅನ್ವಯವನ್ನು ಕೈಬಿಟ್ಟಿತು. ಅನರ್ಥವು ಮೊದಲಾದುದು ಅಲ್ಲಿಯೇ.

ಇದನ್ನು ಒಂದು ಚಿಕ್ಕ ವಾಕ್ಯದಿಂದ ತಿಳಿಯಬಹುದು. ‘ನನ್ನಣ್ಣ ತೋಟಕ್ಕೆ ಹೋದನು’ ಎಂಬಲ್ಲಿ ಕ್ರಿಯಾಪದವು ಕೊನೆಯಲ್ಲಿ ನಿಲ್ಲುತ್ತದೆ. ವಿಭಕ್ತಿ ಪ್ರತ್ಯಯವು ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ‘ಮೈ ಬ್ರದರ್ ವೆಂಟ್ ಟು ದಿ ಎಸ್ಟೇಟ್’ ಎಂಬಲ್ಲಿ ಕ್ರಿಯಾಪದವು ಕರ್ತೃವಿನ ಹಿಂದೆಯೇ ಬಂದುಬಿಡುತ್ತದೆ. ಕನ್ನಡದ ‘ಕ್ಕೆ’ ಎಂಬುದು ‘ಟು’ ಆಗಿ ನಾಮಪದಕ್ಕಿಂತ ಮುಂಚೆ ನಿಲ್ಲುತ್ತದೆ. ‘ದಿ’ ಎಂಬ ಸಣ್ಣ ಪದಕ್ಕೆ ಕನ್ನಡದಲ್ಲಿ ಜೊತೆಯೇ ಇಲ್ಲ. ಈ ಮೂರು ಭೇದಗಳನ್ನು ಕನ್ನಡದಲ್ಲಿ ಒಮ್ಮೆ ಬಿಡಿಸಿ ತೋರಿಸಿದರೆ, ಹುಡುಗನು ಮಾಡುವ ತಪ್ಪುಗಳಲ್ಲಿ ಎಷ್ಟೋ ಅವನಿಗೇ ಕಾಣುವುವು. ತೋರಿಸದೆ ಬಿಟ್ಟರೆ, ಆತನು ನೂರು ವಾಕ್ಯಗಳನ್ನು ಕಂಠಪಾಠ ಮಾಡಿಯೂ ನೂರೊಂದನೆಯದನ್ನು ತಾನಾಗಿ ರಚಿಸಲಾರನು.

ಕನ್ನಡದ ಮೂಲಕ ಇಂಗ್ಲಿಷನ್ನು ಅರಗಿಸಿಕೊಂಡವರಿಂದ ನಾಡಿಗಾದ ಲಾಭವೆಷ್ಟೆಂಬುದನ್ನು ಈ ಜಿಲ್ಲೆಯೇ ಹೇಳಬಲ್ಲುದು. ೧೯೦೪ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಓದಿ, ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಿದರು. ಅವರು ಮೊದಲು ಕವಿತೆಗಳನ್ನು ರಚಿಸಿದುದು ಇಂಗ್ಲಿಷಿನಲ್ಲಿ. ೧೯೨೨ರಲ್ಲಿ ಅವು ಚಿಕ್ಕ ಪುಸ್ತಕವಾಗಿಯೂ ಹೊರಬಂದವು. ೧೯೨೪ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಹಿತವಾದ ಹೇಳಿದರು. ಆ ಇಂಗ್ಲಿಷು ವ್ಯಾಸಂಗವು ವ್ಯರ್ಥವಾಗಲಿಲ್ಲ. ಅದು ಕನ್ನಡಕ್ಕೆ ಗೊಬ್ಬರವಾಯಿತು. ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷು ಗೀತೆಗಳನ್ನು ಕನ್ನಡಕ್ಕೆ ತಂದುದೂ ಇದೇ ಮಾರ್ಗದಲ್ಲಿ.

ಸ್ವಾತಂತ್ರ್ಯ ಬಂದು, ೧೯೫೬ರಲ್ಲಿ ಕನ್ನಡನಾಡು ಒಂದಾದ ಮೇಲೆ ೧೯೬೬ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯು ಸ್ಥಾಪಿತವಾಯಿತು. ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯು ೧೯೮೧ರಲ್ಲಿ ವರದಿಯನ್ನೊಪ್ಪಿಸಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮಸ್ಥಾನವನ್ನು ಕೇಳಿತು. ೧೯೮೨ರ ಚಳವಳಿಯು ಅದನ್ನು ಮನೆಮನೆಯ ಮಾತಾಗಿ ಮಾಡಿತು. ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಮೊದಲಾಗುತ್ತಿದ್ದ ಇಂಗ್ಲಿಷನ್ನು ೨೦೦೭ರಿಂದ ಒಂದನೆಯ ತರಗತಿಗೇ ತರಲಾಯಿತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಬಲವಂತದಿಂದ ವಿಧಿಸಲಾಗದೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ತೀರ್ಪಿತ್ತಿತು. ವಾದವು ಹೀಗೆ ಸಾಗಿತು. ಆದರೆ ಇಂಗ್ಲಿಷು ಎಷ್ಟು ಬೇಗ ಬರಬೇಕೆಂಬುದರ ಚರ್ಚೆ ನಡೆದಷ್ಟು, ಅದು ಹೇಗೆ ಬರಬೇಕೆಂಬುದರ ಚರ್ಚೆ ನಡೆಯಲಿಲ್ಲ.

ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷು ದ್ವಿತೀಯ ಭಾಷೆಯೆಂದು ಕಾಗದದ ಮೇಲೆ ಬರೆದಿದೆ. ಮೂಡಿಗೆರೆ, ಕಳಸಗಳ ತೋಟದ ಲೈನುಗಳಲ್ಲಿ ಈ ಎಣಿಕೆಯು ಕೂಡುವುದಿಲ್ಲ. ಅಲ್ಲಿ ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ತಮಿಳು, ಮತ್ತೊಂದರಲ್ಲಿ ಕೊಂಕಣಿಯೋ ಬ್ಯಾರಿಯೋ ಇರುವುದುಂಟು. ಇಂತಹ ಮನೆಯ ಮಗುವಿಗೆ ಕನ್ನಡವೇ ಎರಡನೆಯದು, ಇಂಗ್ಲಿಷು ಮೂರನೆಯದು. ಇನ್ನು ಕಾಲದ ವಿಚಾರ. ಆಷಾಢ ಶ್ರಾವಣಗಳಲ್ಲಿ ಮಳೆ ಹಿಡಿದರೆ ಹಳ್ಳದ ಕಾಲುಸಂಕವು ಮುಳುಗಿ, ದೀಪವೂ ಹೋಗಿ, ಶಾಲೆಗೆ ರಜೆಯ ಮೇಲೆ ರಜೆ. ಮಳೆ ಬಿಟ್ಟು ಓದು ಕೈಹತ್ತುವಷ್ಟರಲ್ಲಿ ಕಾಫಿ ಕೊಯಿಲು ಮೊದಲಾಗುತ್ತದೆ; ಅರೇಬಿಕಾ ಮುಗಿಯಿತೆನ್ನುವಾಗ ರೋಬಸ್ಟಾ. ತಾಯಿ ತಂದೆಯರು ಬೆಳಗಾಗುವುದರೊಳಗೆ ತೋಟಕ್ಕೆ ಹೊರಟ ಮೇಲೆ ಒಲೆಯ ಕೆಲಸವೂ ತಂಗಿಯ ಆರೈಕೆಯೂ ಹತ್ತನೆಯ ತರಗತಿಯ ಹುಡುಗಿಯ ಪಾಲು. ಕೊಯಿಲು ಮುಗಿಯುವ ಹೊತ್ತಿಗೆ ಪರೀಕ್ಷೆಯು ಬಾಗಿಲಲ್ಲಿ ನಿಂತಿರುತ್ತದೆ. ಆಗ ಕೈಗೆ ಸಿಕ್ಕ ಗೈಡಿನಿಂದ ಪತ್ರವೊಂದು, ಪ್ರಬಂಧವೊಂದು, ನಾಲ್ಕು ಸಾಲು ಪದ್ಯ ಇಷ್ಟನ್ನು ಅರ್ಥವಿಲ್ಲದೆ ನುಂಗುವುದೇ ಸಿದ್ಧತೆಯೆನಿಸಿಕೊಳ್ಳುತ್ತದೆ.

ಪ್ರಶ್ನಪತ್ರಿಕೆಯ ಸ್ವರೂಪವೇನೋ ಹಿಂದಿಗಿಂತ ಸುಧಾರಿಸಿದೆ. ಇತ್ತೀಚಿನ ಕ್ರಮದಂತೆ ದ್ವಿತೀಯ ಭಾಷೆಯ ನೂರು ಅಂಕಗಳಲ್ಲಿ ೮೦ ಲಿಖಿತ ಪರೀಕ್ಷೆಗೂ ೨೦ ವರ್ಷದುದ್ದದ ಶಾಲಾ ಕೆಲಸಕ್ಕೂ ಮೀಸಲು. ಚಿತ್ರವನ್ನು ನೋಡಿ ವರ್ಣಿಸುವುದು, ಕೊಟ್ಟ ವಿವರಗಳಿಂದ ವ್ಯಕ್ತಿಪರಿಚಯ ಬರೆಯುವುದು, ಸುಳಿವುಗಳಿಂದ ಕಥೆ ಬೆಳೆಸುವುದು ಇವು ಸ್ವಂತ ವಾಕ್ಯವನ್ನು ಬೇಡುವ ಪ್ರಶ್ನೆಗಳು. ೨೦೨೪ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸುವ ಏರ್ಪಾಡೂ ಬಂದುದರಿಂದ, ಒಮ್ಮೆ ಎಡವಿದವನು ಕೂಡಲೇ ಏಳುವುದಕ್ಕೆ ಅವಕಾಶ ದೊರೆಯಿತು. ಪಠ್ಯದಲ್ಲಿಯೂ ಊರಿನ ಗಾಳಿ ಬೀಸಿದೆ. ಹತ್ತನೆಯ ತರಗತಿಯ ಇಂಗ್ಲಿಷು ಪುಸ್ತಕದಲ್ಲಿ ಗೋಕಾಕರ ಇಂಗ್ಲಿಷು ಕವಿತೆಯೂ, ಆರ್. ಕೆ. ನಾರಾಯಣರ ಕಥೆಯೂ ಮಕ್ಕಳಿಗೆ ಪಾಠವಾಗಿ ಬಂದಿವೆ. ಆ ನಾರಾಯಣರು ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ ಮೊದಲ ಸಲ ತಪ್ಪಿ, ಒಂದು ವರ್ಷ ಮನೆಯಲ್ಲಿಯೇ ಮನಸ್ಸಿಗೆ ಬಂದುದನ್ನೆಲ್ಲ ಓದುತ್ತ ಬರೆಯುತ್ತ ಇದ್ದು, ೧೯೨೬ರಲ್ಲಿ ತೇರ್ಗಡೆಯಾದವರು. ಪರೀಕ್ಷೆಯಲ್ಲಿ ತಪ್ಪಿದವನೇ ಮುಂದೆ ಪರೀಕ್ಷೆಯ ಪಾಠವಾದನೆಂಬುದನ್ನು ಉಪಾಧ್ಯಾಯರು ಮಕ್ಕಳಿಗೆ ತಪ್ಪದೆ ಹೇಳಬೇಕು.

ಮೂಡಿಗೆರೆಯ ನೆಲವು ಇನ್ನೊಂದು ದಾರಿಯನ್ನೂ ತೋರಿಸಿಕೊಟ್ಟಿದೆ. ಕುವೆಂಪು ಅವರ ಪುತ್ರರಾದ ಪೂರ್ಣಚಂದ್ರ ತೇಜಸ್ವಿಯವರು ಇಲ್ಲಿ ತೋಟ ಮಾಡಿಕೊಂಡು, ೨೦೦೭ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ನೆಲಸಿದ್ದರು. ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಕಾಡಿನ ಕಥೆಗಳನ್ನು ಅವರು ಕನ್ನಡಕ್ಕೆ ತಂದರು. ಮಲೆನಾಡಿನ ಮಕ್ಕಳು ಅವನ್ನು ಊಟ ಬಿಟ್ಟು ಓದುತ್ತಾರೆ. ಅಂತಹ ಕಥೆಯೊಂದರ ಎರಡು ಪುಟಗಳನ್ನು ಕನ್ನಡದಲ್ಲಿ ಮೊದಲು ಓದಿಸಿ, ಬಳಿಕ ಅದೇ ಪುಟಗಳ ಇಂಗ್ಲಿಷು ಮೂಲವನ್ನು ಮುಂದಿಟ್ಟು, ವಾಕ್ಯಕ್ಕೆ ವಾಕ್ಯವನ್ನು ಅನ್ವಯ ಮಾಡಿಸಿದರೆ, ಅರ್ಥವು ಮೊದಲೇ ತಿಳಿದಿರುವುದರಿಂದ ಭಾಷೆಯು ಭಯವಿಲ್ಲದೆ ಒಳಸೇರುವುದು. ಪಲ್ಪರ್, ಎಸ್ಟೇಟ್, ಬೋನಸ್ ಎಂಬ ಶಬ್ದಗಳನ್ನು ಮಗುವಿನ ಬಾಯಿಂದಲೇ ಹೊರಡಿಸಿ ಪಟ್ಟಿ ಮಾಡಿಸಿದರೆ, ತನಗೇನೂ ಬಾರದೆಂದು ಕುಗ್ಗಿದ್ದ ಮಗುವು ತನಗೆ ಎಷ್ಟೋ ಬರುವುದೆಂದು ಅರಿಯುವುದು. ಇದಕ್ಕೆ ಹಣವು ಬೇಡ. ಕೊಯಿಲಿನ ದಿನಗಳಲ್ಲಿ ಸಂಜೆಯ ಒಂದು ಗಂಟೆ ಹೊತ್ತೂ, ಕನ್ನಡವನ್ನು ತರಗತಿಯಿಂದ ಹೊರಹಾಕದ ಒಬ್ಬ ಉಪಾಧ್ಯಾಯರೂ ಸಾಕು.

ಶಾಸ್ತ್ರಕಾರರು ಶಾಖಾಚಂದ್ರನ್ಯಾಯವೆಂದು ಒಂದನ್ನು ಹೇಳುತ್ತಾರೆ. ಬಿದಿಗೆಯ ಚಂದ್ರನನ್ನು ಕಾಣಲಾರದ ಮಗುವಿಗೆ ಮೊದಲು ಹತ್ತಿರದ ಮರದ ಕೊಂಬೆಯನ್ನು ತೋರಿಸಿ, ಅದರ ತುದಿಯ ಮೇಲೆ ಚಂದ್ರನಿರುವನೆಂದು ಹೇಳಬೇಕಂತೆ. ಒಂದೂವರೆ ಶತಮಾನ ಕಾಲ ಮಲೆನಾಡಿನ ಮಕ್ಕಳಿಗೆ ಕೊಂಬೆಯನ್ನು ಕಡಿದುಹಾಕಿ ಚಂದ್ರನನ್ನು ನೋಡೆಂದು ಗದರಿಸಿದುದಾಯಿತು. ಕೊಂಬೆಯು ಮನೆಯಂಗಳದಲ್ಲಿಯೇ ಚಿಗುರಿ ನಿಂತಿದೆ. ಅದನ್ನು ತೋರಿಸುವ ಕೈಗಳು ಊರೂರಿನಲ್ಲಿ ಮುಂದೆ ಬಂದರೆ, ಹೂಮಳೆಯ ಕಾಲದಲ್ಲಿ ಆ ಮನೆಗಳವರು ಆಕಾಶವನ್ನು ನೋಡುವುದು ಕಾಫಿಯ ಹೂವಿಗಾಗಿ ಮಾತ್ರವೇ ಆದೀತು.