ಕದಲದ ಗೆರೆ

ನಕ್ಷತ್ರ ನಕ್ಷತ್ರಗಳ ನಡುವೆ ಏನಿದೆ? ಏನೂ ಇಲ್ಲ, ಬರಿಯ ಶೂನ್ಯ ಎಂಬುದೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಮಂದಿ ಖಗೋಲಜ್ಞರ ಎಣಿಕೆಯಾಗಿತ್ತು. ಆ ಎಣಿಕೆ ತಪ್ಪೆಂದು ತೋರಿಸಿದ್ದು ಒಂದು ಸಣ್ಣ ಕಪ್ಪು ಗೆರೆ.

ಚಳಿಗಾಲದ ರಾತ್ರಿ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಮಹಾನಗರದ ದೀಪಗಳ ನಡುವೆಯೂ ನಾವು ಗುರುತಿಸಬಹುದು. ಪಶ್ಚಿಮದ ತುದಿಯದು ಮಿಂಟಾಕ. ಸುಮಾರು ಐದೂಮುಕ್ಕಾಲು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುವ ಜೋಡಿ ಅದರಲ್ಲಿದೆ. ನಕ್ಷತ್ರದ ಬೆಳಕನ್ನು ರೋಹಿತವಾಗಿ ಹರಡಿದರೆ ಕಪ್ಪು ಗೆರೆಗಳು ಕಾಣುತ್ತವೆ; ಒಂದೊಂದು ಧಾತುವಿಗೂ ಅದರದೇ ಗೆರೆಗಳು. ನಕ್ಷತ್ರ ನಮ್ಮತ್ತ ಬರುವಾಗ ಅವು ನೇರಿಳೆಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ.

1904ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್ ವೀಕ್ಷಣಾಲಯದ ಯೋಹಾನ್ಸ್ ಹಾರ್ಟ್‌ಮನ್ ಮಿಂಟಾಕದ ರೋಹಿತವನ್ನು ಪರೀಕ್ಷಿಸಿದರು. ಉಳಿದ ಗೆರೆಗಳೆಲ್ಲ ಲೆಕ್ಕದಂತೆ ಅತ್ತಿತ್ತ ತೂಗುತ್ತಿದ್ದರೆ, ಕ್ಯಾಲ್ಸಿಯಂನ ಒಂದು ತೆಳುಗೆರೆ ಮಾತ್ರ ಕದಲಲಿಲ್ಲ. ಸುತ್ತುವ ನಕ್ಷತ್ರಕ್ಕೆ ಸೇರಿದ್ದಾದರೆ ಅದೂ ಜರುಗಬೇಕಿತ್ತು. ಆದ್ದರಿಂದ ಆ ಕ್ಯಾಲ್ಸಿಯಂ ನಮಗೂ ನಕ್ಷತ್ರಕ್ಕೂ ನಡುವಿನ ಮೋಡವೊಂದರಲ್ಲಿದೆ ಎಂದು ಅವರು ತೀರ್ಮಾನಿಸಿದರು. ನಾವು ವೀಳ್ಯದೆಲೆಗೆ ಸವರುವ ಸುಣ್ಣದಲ್ಲಿರುವ ಧಾತುವೇ ಅದು!

ಎಲ್ಲರೂ ಕೂಡಲೇ ಒಪ್ಪಲಿಲ್ಲ. ಆ ಅನಿಲ ನಕ್ಷತ್ರವನ್ನೇ ಆವರಿಸಿರಬಾರದೇಕೆ ಎಂಬ ಸಂದೇಹ ಬಹುಕಾಲ ಉಳಿಯಿತು. 1919ರಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಮೇರಿ ಲೀ ಹೆಗರ್ ಸೋಡಿಯಂನ ಗೆರೆಗಳೂ ಹೀಗೆಯೇ ನಿಂತಿರುವುದನ್ನು ಪ್ರಕಟಿಸಿದರು. ಮುಂದೆ, ನಕ್ಷತ್ರ ದೂರವಾದಷ್ಟೂ ಈ ಗೆರೆಗಳು ದಟ್ಟವಾಗುತ್ತವೆಂದು ತಿಳಿದಾಗ ಸಂದೇಹ ಕರಗಿತು. ದಾರಿ ಉದ್ದವಾದಷ್ಟೂ ಅನಿಲವೂ ಹೆಚ್ಚು ಅಡ್ಡ ಬರುತ್ತದೆಯಲ್ಲವೆ?

ಹಾಗಾದರೆ ಈ ಅನಿಲ ಎಲ್ಲೆಡೆ ಒಂದೇ ಸಮನಾಗಿ ಹರಡಿದೆಯೆ? 1936ರಲ್ಲಿ ಕೆನಡಾದ ಬೀಲ್ಸ್ ಅದೇ ನಡುಪಟ್ಟಿಯ ಉಳಿದೆರಡು ನಕ್ಷತ್ರಗಳಲ್ಲಿ ಗೆರೆ ಒಡೆದಿರುವುದನ್ನು ಕಂಡರು. ಒಂದೊಂದು ಎಳೆಯೂ ತನ್ನದೇ ವೇಗದಲ್ಲಿ ಚಲಿಸುವ ಒಂದೊಂದು ಮೋಡ. ಮೌಂಟ್ ವಿಲ್ಸನ್‌ನ ವಾಲ್ಟರ್ ಆಡಮ್ಸ್ ಸುಮಾರು 300 ನಕ್ಷತ್ರಗಳನ್ನು ಪರೀಕ್ಷಿಸಿ 1949ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಂಥ ಒಡೆದ ಗೆರೆಗಳು ಹೇರಳವಾಗಿದ್ದವು. ಒಂದು ದಿಕ್ಕಿನಲ್ಲಿ ಎಷ್ಟು ಮೋಡಗಳು, ಯಾವುದರ ವೇಗ ಎಷ್ಟು ಎಂದು ಎಣಿಸುವ ದಾರಿ ತೆರೆಯಿತು.

ಇನ್ನೊಂದು ಸಂಗತಿ. 1941ರಲ್ಲಿ ಕೆನಡಾದ ಆಂಡ್ರ್ಯೂ ಮೆಕೆಲ್ಲರ್ ಮೋಡದಲ್ಲಿನ ಸಯನೊಜನ್ ಗೆರೆಗಳನ್ನು ಹೋಲಿಸಿ, ಅಲ್ಲಿನ ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ ಸುಮಾರು 2.3 ಡಿಗ್ರಿ ಮೇಲೆ ಎಂದು ಲೆಕ್ಕಹಾಕಿದರು. ಆ ಅಂಕಿಗೆ ಯಾರೂ ಹೆಚ್ಚಿನ ಬೆಲೆ ಕೊಡಲಿಲ್ಲ. 1965ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ವಿಶ್ವವನ್ನೆಲ್ಲ ತುಂಬಿದ ಹಿನ್ನೆಲೆ ವಿಕಿರಣವನ್ನು ಪ್ರಕಟಿಸಿದ ಮೇಲೆಯೇ ಅದರ ಅರ್ಥ ಹೊಳೆದದ್ದು. ಮೆಕೆಲ್ಲರ್ 1960ರಲ್ಲೇ ತೀರಿಕೊಂಡಿದ್ದರು. ಅವರು ಅಳೆದಿದ್ದುದು ವಿಶ್ವದ ಆದಿಯಿಂದ ಉಳಿದುಬಂದ ಬಿಸುಪನ್ನು.