ಬ್ರಿಟಿಷ್ ಸ್ಪೀಕರುಗಳೂ ಅವಕ್ಕೊಪ್ಪುವ ಆಂಪ್ಲಿಫೈಯರುಗಳೂ

ಮನೆಗೆ ಹಾಡು ಕೇಳುವ ಯಂತ್ರ ಕೊಳ್ಳಹೋದಾಗ ನಾವು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವ್ಯಾಟ್?’ ಎಂಬುದು. ಅಂಗಡಿಯವರೂ ದೊಡ್ಡ ಅಂಕಿಯನ್ನೇ ಮುಂದೆ ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಧ್ವನಿವರ್ಧಕಗಳ ಬಗ್ಗೆ ದಶಕಗಳ ಕಾಲ ನಡೆದ ಪ್ರಯೋಗಗಳ ಇತಿಹಾಸ ನೋಡಿದರೆ, ಇದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ ಎಂದು ಮನವರಿಕೆಯಾಗುತ್ತದೆ. ಈ ಪೆಟ್ಟಿಗೆಯಿಂದ ಮನುಷ್ಯನ ಕಂಠ ಮನುಷ್ಯನ ಕಂಠದಂತೆಯೇ ಹೊರಡುತ್ತದೆಯೆ? ಈ ಪೆಟ್ಟಿಗೆಗೂ ಆಂಪ್ಲಿಫೈಯರಿಗೂ ಹೊಂದಾಣಿಕೆ ಇದೆಯೆ?

ಈಗ ಎಲ್ಲೆಡೆ ಕಾಣುವ ಸ್ಪೀಕರಿನ ತತ್ತ್ವ ಸರಳ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕುವಿನಾಕಾರದ ಹಾಳೆ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ 1925ರಲ್ಲಿ ಇದನ್ನು ಬಳಕೆಗೆ ಯೋಗ್ಯವಾದ ರೂಪಕ್ಕೆ ತಂದರು. ಬ್ರಿಟನ್ನಿನಲ್ಲಿ ಜವಳಿ ವ್ಯಾಪಾರದಲ್ಲಿದ್ದ ಗಿಲ್ಬರ್ಟ್ ಬ್ರಿಗ್ಸ್ ಎಂಬುವರು 1932ರಲ್ಲಿ ಯಾರ್ಕ್‌ಷೈರಿನ ಇಲ್ಕ್ಲಿಯಲ್ಲಿ, ತಮ್ಮ ಮನೆಯ ನೆಲಮಾಳಿಗೆಯಲ್ಲಿ, ಸ್ಪೀಕರು ತಯಾರಿಸತೊಡಗಿದರು. ಅದೇ ವಾರ್ಫ್‌ಡೇಲ್ ಕಂಪನಿಯಾಯಿತು.

ಸ್ಪೀಕರು ಸುಧಾರಿಸಿದಂತೆ ಆಂಪ್ಲಿಫೈಯರಿನ ದೋಷಗಳು ಎದ್ದು ಕೇಳತೊಡಗಿದವು. 1945ರಲ್ಲಿ ಹೆರಾಲ್ಡ್ ಲೀಕ್ ಅವರ ‘ಪಾಯಿಂಟ್ ಒನ್’ ಬಂದಿತು. ಧ್ವನಿವಿಕೃತಿ ಶೇಕಡಾ 0.1 ಮಾತ್ರ ಎಂಬುದೇ ಆ ಹೆಸರಿನ ಅರ್ಥ. 1947ರಲ್ಲಿ ವಿಲಿಯಂಸನ್ ಎಂಬ ಎಂಜಿನಿಯರು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ತಮ್ಮ 15 ವ್ಯಾಟ್ ಆಂಪ್ಲಿಫೈಯರಿನ ನಕ್ಷೆಯನ್ನೇ ಪ್ರಕಟಿಸಿದರು. ಅದನ್ನು ನೋಡಿ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡರು. 1953ರಲ್ಲಿ ಪೀಟರ್ ವಾಕರ್ ಅವರ ‘ಕ್ವಾಡ್ 2’ ಬಂದಿತು. ಅದರ ಶಕ್ತಿಯೂ 15 ವ್ಯಾಟೇ. 1954ರಲ್ಲಿ ಬ್ರಿಗ್ಸ್ ಮತ್ತು ವಾಕರ್ ಜೊತೆಗೂಡಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಒಂದು ಪರೀಕ್ಷೆಯನ್ನೇ ಏರ್ಪಡಿಸಿದರು. ಕಲಾವಿದರು ಎದುರಿಗೇ ನುಡಿಸುವುದು, ಬಳಿಕ ಧ್ವನಿಮುದ್ರಿಕೆಯನ್ನು ಸ್ಪೀಕರಿನಲ್ಲಿ ಕೇಳಿಸುವುದು. ಸಭಿಕರು ಎರಡನ್ನೂ ಹೋಲಿಸುವುದು. ಮೂಲಧ್ವನಿಯೇ ಒರೆಗಲ್ಲು ಎಂಬುದನ್ನು ಹೀಗೆ ಸಾವಿರಾರು ಜನರೆದುರು ಒಪ್ಪಿಕೊಂಡದ್ದು ಸಣ್ಣ ಧೈರ್ಯವಲ್ಲ.

1957ರಲ್ಲಿ ವಾಕರ್ ಮಾರುಕಟ್ಟೆಗೆ ತಂದ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನಲ್ಲಿ ಸುರುಳಿಯೂ ಇಲ್ಲ, ಶಂಕುವೂ ಇಲ್ಲ. ಸಾವಿರಾರು ವೋಲ್ಟ್ ವಿದ್ಯುದಾವೇಶವುಳ್ಳ ತೆಳು ಪ್ಲಾಸ್ಟಿಕ್ ಹಾಳೆಯೇ ಕಂಪಿಸಿ ನಾದ ಹೊರಡಿಸುತ್ತದೆ. ಕಂಠದ ಸ್ಪಷ್ಟತೆಯಲ್ಲಿ ಇದಕ್ಕೆ ಸಮನಾದುದಿಲ್ಲವೆಂದು ಇಂದಿಗೂ ವಾದಿಸುವವರುಂಟು. ಆದರೆ ಗೋಡೆಯಿಂದ ದೂರ ಇಡಬೇಕು. ಧೂಳು, ತೇವ ಇದಕ್ಕೆ ಶತ್ರುಗಳು. ಮುಂಬಯಿಯ ಮಳೆಗಾಲವನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈ ಇತಿಹಾಸದ ಅತ್ಯಂತ ಮುಖ್ಯ ಅಧ್ಯಾಯ ಬಿ.ಬಿ.ಸಿ.ಯದು. ಸ್ಟುಡಿಯೋದಲ್ಲಿ ಉದ್ಘೋಷಕರು ಮಾತನಾಡುವುದನ್ನು ಎದುರಿಗೆ ಕೇಳಿ, ಅದೇ ಮಾತನ್ನು ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಕೇಳಿ ತಾಳೆ ನೋಡುವ ಅನುಕೂಲ ಅಲ್ಲಿನ ಸಂಶೋಧಕರಿಗಿತ್ತು. ಕಾಗದದ ಶಂಕುಗಳು ಒಂದರಂತೆ ಒಂದಿರುವುದಿಲ್ಲವೆಂದು ಕಂಡು ಅವರು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕನ್ನು ಬಳಸಿದರು. ಹೊರಾಂಗಣ ಪ್ರಸಾರದ ವಾಹನದಂಥ ಇಕ್ಕಟ್ಟಾದ ಜಾಗಗಳಿಗಾಗಿ 1970ರ ದಶಕದ ಮೊದಲ ಭಾಗದಲ್ಲಿ ‘ಎಲ್‌ಎಸ್ 3/5ಎ’ ಎಂಬ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19. ಬಿ.ಬಿ.ಸಿ. ಇದನ್ನು ತಯಾರಿಸಲು ರೋಜರ್ಸ್ ಮೊದಲಾದ ಕಂಪನಿಗಳಿಗೆ ಪರವಾನಗಿ ಕೊಟ್ಟದ್ದರಿಂದ ಅದು ಮನೆಗಳಿಗೂ ಬಂದಿತು. ಬಿ.ಬಿ.ಸಿ.ಯಲ್ಲಿ ದುಡಿದ ಸ್ಪೆನ್ಸರ್ ಹ್ಯೂಸ್ ಪತ್ನಿ ಡೊರೊಥಿಯವರ ಹೆಸರನ್ನೂ ಕೂಡಿಸಿ ‘ಸ್ಪೆಂಡರ್’ ಕಂಪನಿ ಆರಂಭಿಸಿದರು. ಡಡ್ಲಿ ಹಾರ್ವುಡ್ 1977ರಲ್ಲಿ ‘ಹಾರ್ಬೆತ್’ ಆರಂಭಿಸಿದರು. ಈ ಪುಟ್ಟ ಪೆಟ್ಟಿಗೆಯ ಒಳಗಿನ ಸ್ಪೀಕರುಗಳನ್ನು ಒದಗಿಸುತ್ತಿದ್ದ ಕೆ.ಇ.ಎಫ್. ಕಂಪನಿಯ ಸ್ಥಾಪಕ ರೇಮಂಡ್ ಕುಕ್ ಕೂಡ ಹಿಂದೆ ಬಿ.ಬಿ.ಸಿ.ಯಲ್ಲಿದ್ದವರೇ.

ಇನ್ನು ಹೊಂದಾಣಿಕೆಯ ವಿಚಾರ. ಎಲ್‌ಎಸ್ 3/5ಎ ಒಳಗೆ ದನಿಯನ್ನು ತಿದ್ದುವ ಸರ್ಕಿಟ್ಟು ಬಹಳಷ್ಟು ಶಕ್ತಿಯನ್ನು ತಾನೇ ನುಂಗುತ್ತದೆ. ಮಾಮೂಲು ಸ್ಪೀಕರು 88 ಡೆಸಿಬೆಲ್ ಶಬ್ದ ಕೊಡುವ ವೋಲ್ಟೇಜಿಗೆ ಇದು ಕೊಡುವುದು ಸುಮಾರು 82. ಆ 6 ಡೆಸಿಬೆಲ್ ತುಂಬಲು ವೋಲ್ಟೇಜು ಇಮ್ಮಡಿಯಾಗಬೇಕು, ಅಂದರೆ ನಾಲ್ಕು ಪಟ್ಟು ವ್ಯಾಟಿನ ಆಂಪ್ಲಿಫೈಯರು ಬೇಕು. ತೀರ ದುರ್ಬಲವಾದುದನ್ನು ಜೋಡಿಸಿ ದನಿ ಏರಿಸಿದರೆ ಆಂಪ್ಲಿಫೈಯರು ತನ್ನ ಮಿತಿ ಮುಟ್ಟಿ ನಾದ ಒಡೆಯುತ್ತದೆ, ಸೂಕ್ಷ್ಮವಾದ ಟ್ವೀಟರಿಗೂ ಅಪಾಯ. ಹಾಗೆಂದು ನೂರಾರು ವ್ಯಾಟ್ ಸುರಿಯುವಂತೆಯೂ ಇಲ್ಲ. ಇದು ತಾಳುವುದು 25 ವ್ಯಾಟ್ ಮಟ್ಟವನ್ನು. ಮೊದಲಿನ ಪೆಟ್ಟಿಗೆಗಳು 15 ಓಮಿನವು. ಕಾಲೇಜಿನಲ್ಲಿ ಓದಿದ ಓಮನ ನಿಯಮದಂತೆ, 8 ಓಮಿಗೆ 45 ವ್ಯಾಟ್ ಕೊಡುವ ಆಂಪ್ಲಿಫೈಯರು ಇದಕ್ಕೆ ಕೊಡುವುದು ಸುಮಾರು ಅರ್ಧವನ್ನು. 1967ರ ಕ್ವಾಡ್ 303 ಇದೇ ಅಳತೆಯದು, ಜೋಡಿ ಸರಿಹೋಗುತ್ತದೆ. 1980ರ ದಶಕದ ಕೊನೆಯಿಂದ ಬಂದವು 11 ಓಮಿನವು. ಹಳೆಯದನ್ನು ಕೊಳ್ಳುವವರು ಹಿಂಬದಿಯ ಚೀಟಿ ನೋಡಿ, ಎರಡೂ ಪೆಟ್ಟಿಗೆ ಒಂದೇ ಬಗೆಯವೆಂದು ಖಚಿತಪಡಿಸಿಕೊಳ್ಳಬೇಕು.

ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನ ಕಥೆ ಇದಕ್ಕೆ ವಿರುದ್ಧ. ಮಿತಿ ಮೀರಿ ವೋಲ್ಟೇಜು ಕೊಟ್ಟರೆ ಒಳಗೆ ಕಿಡಿ ಹಾರಿ ಹಾಳಾಗುತ್ತದೆ. ಅದಕ್ಕೆ 15 ವ್ಯಾಟಿನ ಕ್ವಾಡ್ 2 ಸಾಕು. ವ್ಯಾಟಿನ ಅಂಕಿಯೊಂದನ್ನೇ ನಂಬಲಾಗದು ಎಂಬುದಕ್ಕೆ ಇನ್ನೊಂದು ನಿದರ್ಶನ 1978ರ ‘ಎನ್.ಎ.ಡಿ. 3020’. ಚೀಟಿಯಲ್ಲಿ 20 ವ್ಯಾಟ್ ಎಂದಿದ್ದರೂ ಸಂಗೀತದ ಕ್ಷಣಿಕ ಏರಿಕೆಗಳಲ್ಲಿ ಅದರ ಸುಮಾರು ಇಮ್ಮಡಿ ಕೊಡಬಲ್ಲ, ಅಗ್ಗವಾದ ಆಂಪ್ಲಿಫೈಯರದು.

ಕೆ.ಇ.ಎಫ್. ತನ್ನ ಸ್ಪೀಕರುಗಳನ್ನು ನಿಲ್ಲಿಸಿದ್ದರಿಂದ 1998ರ ಹೊತ್ತಿಗೆ ಹಳೆಯ ಎಲ್‌ಎಸ್ 3/5ಎ ತಯಾರಿಕೆ ಮುಗಿಯಿತು. ಈಚಿನ ವರ್ಷಗಳಲ್ಲಿ ಬೇರೆ ಕಂಪನಿಗಳು ಅದೇ ವಿನ್ಯಾಸವನ್ನು ಮತ್ತೆ ತರುತ್ತಿವೆ. ಬೆಲೆ ಮಾತ್ರ ನಮ್ಮಂಥ ಸಂಬಳದವರಿಗೆ ಭಾರವೇ. ಆದರೆ ಬಿ.ಬಿ.ಸಿ.ಯವರು ಹಿಡಿದ ಪರೀಕ್ಷೆಯ ದಾರಿಗೆ ಖರ್ಚಿಲ್ಲ. ಯಾವ ಕಂಪನಿಯ ಸ್ಪೀಕರು ಕೊಳ್ಳುವಾಗಲೂ ಮೊದಲು ಒಂದು ಕನ್ನಡ ಭಾಷಣವನ್ನೋ ವಾರ್ತೆಯನ್ನೋ ಹಾಕಿಸಿ ಕೇಳೋಣ. ‘ಶ’ಕಾರ, ‘ಷ’ಕಾರ, ‘ಸ’ಕಾರಗಳು ಬೇರೆಬೇರೆಯಾಗಿ ಕೇಳಬೇಕು, ಮಹಾಪ್ರಾಣ ಮಂಕಾಗಬಾರದು. ಬಳಿಕ ಗಂಗೂಬಾಯಿ ಹಾನಗಲ್ಲರ ಹಾಡು. ಎದೆಯಾಳದಿಂದ ಬರುವ ಆ ಗಂಭೀರ ಕಂಠ ಸ್ತ್ರೀಕಂಠವಾಗಿಯೇ ಉಳಿಯಬೇಕು. ಗುಡುಗುವ ಪೆಟ್ಟಿಗೆ ಅದನ್ನು ಗಂಡು ಕಂಠ ಮಾಡಿಬಿಡುತ್ತದೆ. ಪರಭಾಷೆಯ ನಗರಗಳಲ್ಲಿ ಬೆಳೆಯುವ ನಮ್ಮ ಮಕ್ಕಳ ಕಿವಿಗೆ ಮನೆಯವರ ಮಾತಿನ ಹೊರತು ಬೀಳುವ ಕನ್ನಡ ಬಹುಪಾಲು ಇಂಥ ಪೆಟ್ಟಿಗೆಗಳಿಂದಲೇ. ಅದು ನಿಚ್ಚಳವಾಗಿ ಬಿದ್ದರೆ, ಕೊಟ್ಟ ಹಣ ಸಾರ್ಥಕ.